ಹೊಲಿಗೆಗೆ, ಕೌದಿಗೆ ಯಾವ ಇಸ್ತ್ರಿ ಪೆಟ್ಟಿಗೆ ಒಳ್ಳೆಯದು? ಮಲೆನಾಡಿನ ಮಳೆಗೂ ಇಲ್ಲಿನ ಕರೆಂಟಿಗೂ ಹೊಂದಬೇಕು

ತುಂಗೆಯ ದಡ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಬಟ್ಟೆಯ ಚೌಕಗಳನ್ನು ಜೋಡಿಸಿ ಹೊದಿಕೆ ಹೊಲಿಯುವ ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಅಮ್ಮನ ಹಳೆಯ ಹತ್ತಿ ಸೀರೆಗಳು, ಟೈಲರ್ ಅಂಗಡಿಯಲ್ಲಿ ಮಿಕ್ಕ ಚೂರುಗಳು, ಹೆಗ್ಗೋಡಿನ ಚರಕ ಸಂಸ್ಥೆಯಿಂದ ತಂದ ಕೈಮಗ್ಗದ ಬಟ್ಟೆ, ಎಲ್ಲವೂ ಒಂದೇ ಹೊದಿಕೆಯಲ್ಲಿ ಸೇರುತ್ತವೆ. ಹೊಲಿಗೆ ಯಂತ್ರದ ಬಗ್ಗೆ ನನಗೆ ಯಾವ ದೂರೂ ಇಲ್ಲ. ತಲೆನೋವು ಇಸ್ತ್ರಿ ಪೆಟ್ಟಿಗೆಯದು.

ಈಗ ಇರುವುದು ಹಗುರವಾದ, ಕಪ್ಪು ಲೇಪನದ ತಳವಿರುವ ಸಾದಾ ಪೆಟ್ಟಿಗೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಜೂನ್ ಬಂತೆಂದರೆ ಬಟ್ಟೆಯೆಲ್ಲ ಥಂಡಿ ಹಿಡಿದಿರುತ್ತದೆ. ನಾಲ್ಕು ಚೌಕ ಒತ್ತುವಷ್ಟರಲ್ಲಿ ಪೆಟ್ಟಿಗೆ ತಣ್ಣಗಾಗಿ, ಅದು ಮತ್ತೆ ಕಾಯುವವರೆಗೆ ಕೈಕಟ್ಟಿ ಕೂರಬೇಕು. ಅಕ್ಕನ ಹಬೆ ಪೆಟ್ಟಿಗೆ ತಂದು ನೋಡಿದೆ. ಅದು ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣದ ಬಟ್ಟೆಯ ಮೇಲೆ ನೀರು ಉಗುಳಿತು. ನೀರು ಬಿದ್ದಲ್ಲೆಲ್ಲ ಕಪ್ಪು ಚುಕ್ಕೆಗಳು ನಿಂತಿವೆ, ತೊಳೆದರೂ ಹೋಗುತ್ತಿಲ್ಲ.

ಅಂಗಡಿಯಲ್ಲಿ ಕೇಳಿದರೆ ಎಲ್ಲರೂ ಹಬೆಯದನ್ನೇ ಮುಂದಿಡುತ್ತಾರೆ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಳ್ಳಬೇಕೆಂದಿದ್ದೇನೆ. ಭಾರದ್ದೋ ಹಗುರದ್ದೋ? ಹಬೆಯೋ ಸಾದಾವೋ? ಸಂಜೆ ನಮ್ಮ ಊರಲ್ಲಿ ವೋಲ್ಟೇಜ್ ಇಳಿಯುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ಹೇಳಿ.

ದುರ್ಗಿಗುಡಿ ದರ್ಜಿ

ಭಾರದ ಸಾದಾ ಪೆಟ್ಟಿಗೆ. ಎರಡನೇ ಮಾತೇ ಬೇಡ.

ಕಾರಣ ಹೇಳುತ್ತೇನೆ. ಅಂಗಿ ಇಸ್ತ್ರಿ ಮಾಡುವ ಕೆಲಸ ಬೇರೆ, ಹೊಲಿಯುತ್ತ ಹೊಲಿಯುತ್ತ ಹೊಲಿಗೆಯನ್ನು ಕೂರಿಸುವ ಕೆಲಸ ಬೇರೆ. ಅಂಗಿಗೆ ಪೆಟ್ಟಿಗೆ ಜಾರಬೇಕು. ಹೊಲಿಗೆಗೆ ಪೆಟ್ಟಿಗೆ ಕೂರಬೇಕು. ಇಟ್ಟ ಜಾಗದಲ್ಲೇ ತನ್ನ ಭಾರದಿಂದ ಮಡಿಕೆಯನ್ನು ಚಪ್ಪಟೆ ಮಾಡುವಂತಿದ್ದರೆ ನಿಮ್ಮ ಭುಜಕ್ಕೆ ಕೆಲಸವಿಲ್ಲ. ಪೆಟ್ಟಿಗೆ ಹಗುರವಾಗಿದ್ದರೆ ಆ ಒತ್ತಡವನ್ನು ನೀವೇ ತೋಳಿನಿಂದ ಕೊಡಬೇಕು, ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ.

ಇನ್ನೊಂದು, ದಪ್ಪ ಲೋಹದ ತಳ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣನೆಯ ಬಟ್ಟೆ ತಗುಲಿದ ಕೂಡಲೇ ಇಳಿದುಹೋಗುವುದಿಲ್ಲ. ನಿಮ್ಮ ಪೆಟ್ಟಿಗೆ ನಾಲ್ಕು ಚೌಕಕ್ಕೆ ಸೋಲುವುದು ತೆಳು ತಳದಿಂದಲೇ. ತಳದಲ್ಲಿ ಹಬೆಯ ತೂತುಗಳಿಲ್ಲದಿದ್ದರೆ ಇನ್ನೂ ಒಳ್ಳೆಯದು. ಕಾಲರಿಗೆ, ಚೀಲದ ಹಿಡಿಕೆಗೆ ಅಂಟಿನ ಕ್ಯಾನ್ವಾಸ್ ಕೂರಿಸುವಾಗ ತೂತಿರುವ ಕಡೆ ಶಾಖ ತಲುಪುವುದಿಲ್ಲ, ಅಂಟು ಅಲ್ಲಲ್ಲಿ ಬಿಟ್ಟು ಗುಳ್ಳೆ ಏಳುತ್ತದೆ.

ಸಾಗರದ ಸೂಜಿ

ಇದನ್ನು ಒಪ್ಪುವುದಿಲ್ಲ. ದರ್ಜಿಗಳಿಗೆ ಸಾದಾ ಪೆಟ್ಟಿಗೆಯ ಅಭ್ಯಾಸ, ಅಷ್ಟೆ. ಕೈಮಗ್ಗದ ದಪ್ಪ ಹತ್ತಿಗೆ ಬರೀ ಶಾಖ ಸಾಲುವುದಿಲ್ಲ, ತೇವ ಬೇಕೇ ಬೇಕು. ಹತ್ತಿಯ ನಾರು ತೇವ ಕುಡಿದಾಗ ಸಡಿಲವಾಗುತ್ತದೆ, ಒಣಗಿದಾಗ ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ಹತ್ತಿ ಸೀರೆಯ ಹಳೆಯ ಮಡಿಕೆಗಳನ್ನು ಒಣ ಇಸ್ತ್ರಿಯಿಂದ ಬಿಡಿಸಲು ಕೂತರೆ ಹೊತ್ತು ಮುಳುಗುತ್ತದೆ. ನಾನು ಹೊಲಿಯುವುದೆಲ್ಲ ಹಬೆ ಪೆಟ್ಟಿಗೆಯಲ್ಲೇ.

ದುರ್ಗಿಗುಡಿ ದರ್ಜಿ

ತೇವ ಬೇಕು ಎಂಬುದು ನಿಜ. ಅದನ್ನು ಪೆಟ್ಟಿಗೆಯ ಹೊಟ್ಟೆಯಲ್ಲೇ ಇಡಬೇಕು ಎಂಬುದು ಮಾತ್ರ ಸುಳ್ಳು. ಒಂದು ಸ್ಪ್ರೇ ಬಾಟಲಿ, ಒಂದು ಒದ್ದೆ ಮಲ್ ಬಟ್ಟೆ ಪಕ್ಕದಲ್ಲಿದ್ದರೆ ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು ತೇವ ಕೊಡಬಹುದು. ಪೆಟ್ಟಿಗೆಯೊಳಗೆ ನೀರಿದ್ದರೆ ಅದು ಬಂದಾಗ ಬರುತ್ತದೆ.

ಕೊಪ್ಪದ ಕಾಫಿಗಿಡ

ಭಾರ ಎಂದರೆ ಎಷ್ಟು? ಎಲ್ಲ ಡಬ್ಬದ ಮೇಲೂ "ಹೆವಿ ವೆಯ್ಟ್" ಎಂದೇ ಬರೆದಿರುತ್ತಾರೆ.

ದುರ್ಗಿಗುಡಿ ದರ್ಜಿ

ಹೆಸರನ್ನು ನಂಬಬೇಡಿ, ತೂಕದ ಅಂಕಿ ನೋಡಿ. ಮನೆಬಳಕೆಯ ಹಗುರದವು ಒಂದು ಕಿಲೋದ ಸುತ್ತ ಇರುತ್ತವೆ. ಹೊಲಿಗೆಗೆ ಒಂದೂಮುಕ್ಕಾಲಿನಿಂದ ಎರಡು ಕಿಲೋದವರೆಗಿನದು ಸರಿ. ಅದಕ್ಕಿಂತ ಭಾರದ್ದು ಬಾಡಿಗೆ ಇಸ್ತ್ರಿಯವರಿಗೆ. ಮಣಿಕಟ್ಟು ನೋವಿರುವವರು ಒಂದೂವರೆ ಕಿಲೋಗೆ ನಿಲ್ಲಿಸಿ. ಕೌದಿ ಕೆಲಸದಲ್ಲಿ ಪೆಟ್ಟಿಗೆಯನ್ನು ಎಳೆಯುವುದಕ್ಕಿಂತ ಎತ್ತಿ ಇಡುವುದೇ ಹೆಚ್ಚು, ಅದನ್ನು ಮರೆಯಬೇಡಿ.

ನಿವೃತ್ತ ಎಲೆಕ್ಟ್ರಿಷಿಯನ್

ವೋಲ್ಟೇಜ್ ಮಾತು ಬಂದದ್ದರಿಂದ ನಾನು ಬರೆಯಲೇಬೇಕು. ಇಲ್ಲಿ ಎಲ್ಲರೂ ಕಂಪನಿ ನೋಡುತ್ತಾರೆ, ಗೋಡೆಯೊಳಗಿನ ತಂತಿ ನೋಡುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯೊಳಗಿರುವುದು ಕಾಯುವ ಸುರುಳಿ. ವೋಲ್ಟೇಜ್ ಇಳಿದರೆ ಅದರ ಶಕ್ತಿ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ವೋಲ್ಟಿನಲ್ಲಿ 1000 ವ್ಯಾಟ್ ಕೊಡುವ ಪೆಟ್ಟಿಗೆ 180 ವೋಲ್ಟಿನಲ್ಲಿ ಕೊಡುವುದು ಸುಮಾರು 610 ವ್ಯಾಟ್ ಮಾತ್ರ. ವೋಲ್ಟೇಜ್ ಕಾಲು ಭಾಗಕ್ಕಿಂತ ಕಡಿಮೆ ಇಳಿದಿದೆ, ಶಾಖ ನೋಡಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದೆ. ತೀರ್ಥಹಳ್ಳಿಯ ಸಹೋದರಿಯ ತಣ್ಣನೆಯ ಪೆಟ್ಟಿಗೆಗೆ ಅರ್ಧ ಕಾರಣ ಇದು. ಹಾಗಾಗಿ 750 ವ್ಯಾಟಿನದು ಬೇಡ, 1000 ವ್ಯಾಟಿನದು ತೆಗೆದುಕೊಳ್ಳಿ. ಭಾರದ ತಳ ಇರಲಿ. ಮಧ್ಯಾಹ್ನ ವೋಲ್ಟೇಜ್ ಸರಿಯಿದ್ದಾಗ ಒತ್ತುವ ಕೆಲಸ ಮುಗಿಸಿ, ಸಂಜೆ ಕತ್ತರಿಸುವ, ಜೋಡಿಸುವ ಕೆಲಸ ಇಟ್ಟುಕೊಳ್ಳಿ.

2000 ವ್ಯಾಟಿನ ಹಬೆ ಪೆಟ್ಟಿಗೆ ಸುಮಾರು ಎಂಟೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಅದನ್ನು ಸ್ವಿಚ್ ಬೋರ್ಡಿನ ಚಿಕ್ಕ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ ಕರಗುತ್ತದೆ. 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು, ಅದಕ್ಕೆ ತಕ್ಕ ದಪ್ಪ ತಂತಿಯೂ ಬೇಕು. ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಆ ಸಾಕೆಟ್ ಇರುವುದಿಲ್ಲ. 1000 ವ್ಯಾಟಿನದಾದರೆ ಚಿಕ್ಕ ಸಾಕೆಟ್ ಸಾಕು.

ಮೂರು ಪಿನ್ನಿನ ಪ್ಲಗ್ ಇರಬೇಕು, ಅರ್ಥಿಂಗ್ ಸರಿಯಿರಬೇಕು. ಮಳೆಗಾಲದಲ್ಲಿ ಒದ್ದೆ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇಸ್ತ್ರಿ ಮಾಡುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಮಣೆಯ ಮೇಲೆ ನಿಲ್ಲಿ, ಚಪ್ಪಲಿ ಹಾಕಿಕೊಳ್ಳಿ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 366 ಎಂಬ ಸಂಖ್ಯೆ ಇದೆಯೇ ನೋಡಿ. ವಿದ್ಯುತ್ ಇಸ್ತ್ರಿ ಪೆಟ್ಟಿಗೆಯ ಭಾರತೀಯ ಮಾನದಂಡ ಅದು.

ಲಿಂಗನಮಕ್ಕಿ ಹಿನ್ನೀರು

ಶರಾವತಿಯಿಂದ 1035 ಮೆಗಾವ್ಯಾಟ್ ಉತ್ಪಾದಿಸುವ ಸ್ಥಾವರ ನಮ್ಮ ಹೊಳೆಯ ನೀರಿನಿಂದಲೇ ತಿರುಗುತ್ತದೆ. ಆ ನೀರಿಗಾಗಿ ಊರು, ಗದ್ದೆ ಬಿಟ್ಟವರ ಮೊಮ್ಮಕ್ಕಳು ಇವತ್ತು ಇಸ್ತ್ರಿ ಪೆಟ್ಟಿಗೆ ಕಾಯುವುದಕ್ಕೆ ಮಧ್ಯಾಹ್ನದವರೆಗೆ ಕಾಯಬೇಕು ಎಂದರೆ ಇದು ಯಾವ ನ್ಯಾಯ? ವಿಷಯಾಂತರ ಎಂದು ಗೊತ್ತು. ಆದರೂ ಹೇಳದೆ ಇರಲಾಗುವುದಿಲ್ಲ.

ಕೊಪ್ಪದ ಕಾಫಿಗಿಡ

ಇನ್ವರ್ಟರ್‌ನಲ್ಲಿ ನಡೆಯುವುದಿಲ್ಲವೇ?

ನಿವೃತ್ತ ಎಲೆಕ್ಟ್ರಿಷಿಯನ್

ಮನೆಗಳಲ್ಲಿರುವ ಸಾಮಾನ್ಯ ಇನ್ವರ್ಟರ್ ದೀಪ, ಫ್ಯಾನಿಗೆ. 1000 ವ್ಯಾಟ್ ಹಾಕಿದರೆ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ. ಸ್ಟೆಬಿಲೈಸರ್ ಹಾಕುವುದಾದರೆ ಒಂದೂವರೆ ಕೆವಿಎಗಿಂತ ಕಡಿಮೆಯದು ಬೇಡ. ಅದರ ಬೆಲೆಗೆ ಇನ್ನೊಂದು ಇಸ್ತ್ರಿ ಪೆಟ್ಟಿಗೆ ಬರುತ್ತದೆ ಎನ್ನುವುದನ್ನೂ ಯೋಚಿಸಿ.

ಹೊಸನಗರದ ಹಳೆಮನೆ

ಕರೆಂಟಿನ ಹಂಗೇ ಬೇಡ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹಿತ್ತಾಳೆಯ ಇದ್ದಿಲ ಪೆಟ್ಟಿಗೆ ಇದೆ. ತೆಂಗಿನ ಕರಟದ ಕೆಂಡ ತುಂಬಿದರೆ ಭಾರಕ್ಕೆ ಭಾರ, ಶಾಖಕ್ಕೆ ಶಾಖ. ಕೌದಿಯ ದಪ್ಪ ಅಂಚನ್ನು ಅದು ಕೂರಿಸಿದ ಹಾಗೆ ಯಾವ ವಿದ್ಯುತ್ ಪೆಟ್ಟಿಗೆಯೂ ಕೂರಿಸುವುದಿಲ್ಲ. ಅದಕ್ಕೆ ಕರಟವನ್ನು ಮೊದಲು ಚೆನ್ನಾಗಿ ಉರಿಸಿ, ಹೊಗೆ ಪೂರ್ತಿ ನಿಂತ ಮೇಲೆ ತುಂಬಬೇಕು. ಬೂದಿಯನ್ನು ಆಗಾಗ ಅಂಗಳಕ್ಕೆ ಹೋಗಿ ಊದಿ ಕಳೆಯಬೇಕು.

ವೈದ್ಯೆ, ಶಿವಮೊಗ್ಗ

ದಯವಿಟ್ಟು ಇದನ್ನು ಮುಚ್ಚಿದ ಕೋಣೆಯಲ್ಲಿ ಯಾರೂ ಮಾಡಬೇಡಿ. ಹೊಗೆ ನಿಂತಿತು ಎಂದರೆ ಅಪಾಯ ಹೋಯಿತು ಎಂದಲ್ಲ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಳೆಯ ಇರಚಲು ಎಂದು ಕಿಟಕಿ, ಬಾಗಿಲು ಹಾಕಿಕೊಂಡು ಕೆಂಡ ಇಟ್ಟುಕೊಂಡು ಕೂರುವುದು ಜೀವಕ್ಕೇ ಅಪಾಯ. ತಲೆನೋವು, ವಾಕರಿಕೆ, ಮಂಕು ಬಂದರೆ ತಕ್ಷಣ ಹೊರಗೆ ಗಾಳಿಗೆ ಹೋಗಿ, ಆಸ್ಪತ್ರೆಗೆ ತೋರಿಸಿ.

ಹೊಸನಗರದ ಹಳೆಮನೆ

ನಾವು ಯಾವಾಗಲೂ ಜಗಲಿಯಲ್ಲೇ ಮಾಡುವುದು. ಆದರೂ ನೀವು ಹೇಳಿದ್ದು ಸರಿ, ಜಗಲಿ ಇಲ್ಲದವರು ಈ ಸಾಹಸಕ್ಕೆ ಹೋಗುವುದು ಬೇಡ.

ಯಲ್ಲಾಪುರ ಘಟ್ಟ

ನೀವೆಲ್ಲ ಪೆಟ್ಟಿಗೆ ಪೆಟ್ಟಿಗೆ ಎನ್ನುತ್ತಿದ್ದೀರಿ. ನಮ್ಮ ಕಡೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಕವಂದಿ ಎಂಬ ತೇಪೆ ಹೊದಿಕೆ ಹೊಲಿಯುವಾಗ ಇಸ್ತ್ರಿಯನ್ನು ಮುಟ್ಟುವುದೇ ಇಲ್ಲ. ಹಳೆಯ ಬಟ್ಟೆಯ ತೇಪೆಗಳ ಅಂಚನ್ನು ಬೆರಳಿನಿಂದಲೇ ಒಳಗೆ ಮಡಚುತ್ತಾರೆ, ಒಂದು ಅಂಚಿನಿಂದ ಶುರುಮಾಡಿ ಸುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಫೂಲಾ ಇಟ್ಟು ಮುಗಿಸುತ್ತಾರೆ. ಫೂಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದೇ ಅಲ್ಲ. ಆ ಹೊದಿಕೆಗಳು ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ಒಳ್ಳೆಯ ಹೊದಿಕೆಗೆ ಪೆಟ್ಟಿಗೆ ಬೇಕೇ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಅಂಚು ಮಡಿಕೆ

ನಿಮ್ಮ ಮಾತಿಗೆ ಗೌರವವಿದೆ, ಆದರೆ ಅದು ಬೇರೆಯೇ ಕಟ್ಟುವಿಕೆ. ಕವಂದಿಯಲ್ಲಿ ತೇಪೆಯನ್ನು ಕೆಳಗಿನ ಬಟ್ಟೆಯ ಮೇಲೆ ಇಟ್ಟು ಸಾಲು ಹೊಲಿಗೆ ಹಾಕುತ್ತಾರೆ. ತೇಪೆ ಯಾವ ಅಳತೆಗೂ ಇರಬಹುದು, ಅದೇ ಅದರ ಚೆಲುವು. ತೀರ್ಥಹಳ್ಳಿಯವರು ಮಾಡುತ್ತಿರುವುದು ಅಳೆದು ಕತ್ತರಿಸಿದ ಚೌಕಗಳನ್ನು ಯಂತ್ರದಲ್ಲಿ ಒಂದಕ್ಕೊಂದು ಹೊಲಿದು ಹಾಸು ಮಾಡುವ ಕೆಲಸ. ಇಲ್ಲಿ ಕಾಲಿಂಚಿನ ಹೊಲಿಗೆ ಅಂಚೇ ಎಲ್ಲ. ಒಂದು ಸಾಲಿನಲ್ಲಿ 16 ಚೌಕ ಇದ್ದರೆ 15 ಹೊಲಿಗೆ. ಪ್ರತಿಯೊಂದರಲ್ಲಿ ಇಂಚಿನ 1/16 ಭಾಗ ಮಡಿಕೆಯೊಳಗೆ ಸಿಕ್ಕಿಕೊಂಡರೂ ಸಾಲಿನ ತುದಿಯಲ್ಲಿ ಹತ್ತಿರ ಹತ್ತಿರ ಒಂದು ಇಂಚು ಕಡಿಮೆ. ಆಮೇಲೆ ಸಾಲಿಗೆ ಸಾಲು ಕೂಡುವುದೇ ಇಲ್ಲ.

ಅದಕ್ಕೇ ಒತ್ತುವ ಕ್ರಮ ಮುಖ್ಯ. ಮೊದಲು ಹೊಲಿದ ಹಾಗೆಯೇ, ಬಿಡಿಸದೆ, ಹೊಲಿಗೆಯ ಮೇಲೆ ಪೆಟ್ಟಿಗೆ ಇಟ್ಟು ಎತ್ತಿ. ನೂಲು ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ, ಬಟ್ಟೆಯ ಮುಂಬದಿ ಮೇಲಿರಲಿ, ಅಂಚುಗಳೆರಡೂ ಗಾಢ ಬಣ್ಣದ ಚೌಕದ ಕಡೆಗೆ ಮಲಗಲಿ. ತಿಳಿಬಣ್ಣದ ಕೆಳಗೆ ಗಾಢ ಅಂಚು ಸಿಕ್ಕಿದರೆ ಮೇಲಿನಿಂದ ನೆರಳಾಗಿ ಕಾಣುತ್ತದೆ. ಪಕ್ಕದ ಸಾಲಿನ ಅಂಚುಗಳನ್ನು ವಿರುದ್ಧ ದಿಕ್ಕಿಗೆ ಮಲಗಿಸಿದರೆ ಎರಡು ಸಾಲು ಹೊಲಿಯುವಾಗ ಮೂಲೆಗಳು ಒಂದಕ್ಕೊಂದು ಕಚ್ಚಿ ನಿಲ್ಲುತ್ತವೆ.

ಎತ್ತಿ ಇಡಿ, ಎಳೆಯಬೇಡಿ. ಓರೆಯಾಗಿ ಕತ್ತರಿಸಿದ ತುಂಡನ್ನು ಬಿಸಿ ಪೆಟ್ಟಿಗೆಯಿಂದ ಎಳೆದರೆ ಅದು ಹಿಗ್ಗುತ್ತದೆ, ಚೌಕ ಹೋಗಿ ಗಾಳಿಪಟದ ಆಕಾರವಾಗುತ್ತದೆ. ಹಬೆ ಸೇರಿದರಂತೂ ಇನ್ನೂ ಹೆಚ್ಚು. ಸಾಗರದ ಸೂಜಿಯವರೇ, ತ್ರಿಕೋನದ ತುಂಡುಗಳಿಗೂ ನೀವು ಹಬೆ ಬಳಸುತ್ತೀರಾ?

ಸಾಗರದ ಸೂಜಿ

ಇಲ್ಲ, ಓರೆ ತುಂಡುಗಳಿಗೆ ಹಬೆ ಬಂದ್ ಮಾಡಿಕೊಳ್ಳುತ್ತೇನೆ. ಕತ್ತರಿಸುವ ಮೊದಲು ಇಡೀ ಬಟ್ಟೆಗೆ ಹಬೆ, ತೆಳು ಗಂಜಿ. ಜೋಡಿಸಿದ ಹಾಸು ಪೂರ್ತಿಯಾದ ಮೇಲೆ ಮತ್ತೆ ಹಬೆ. ನಡುವೆ ಒಣ. ಅಷ್ಟರಮಟ್ಟಿಗೆ ನೀವು ಹೇಳಿದ್ದು ಸರಿ. ಹಾಗೆಂದು ಹಬೆಯೇ ಬೇಡ ಎಂದು ಸಾರಬೇಡಿ. ಹಬೆಯ ಗುಂಡಿ ನಿಲ್ಲಿಸಲು ಬರುವ ಪೆಟ್ಟಿಗೆ ಕೊಂಡರೆ ಎರಡೂ ಕೆಲಸ ಆಗುತ್ತದೆ.

ಚೊಗರು ಬಣ್ಣ

ಮೊದಲ ಬರಹದಲ್ಲಿರುವ ಕಪ್ಪು ಚುಕ್ಕೆಗಳ ಬಗ್ಗೆ ಯಾರೂ ಮಾತಾಡಿಲ್ಲ, ಆಶ್ಚರ್ಯ. ಈ ಚರ್ಚೆಯಲ್ಲಿ ಮಲೆನಾಡಿಗೇ ಸೇರಿದ ಪ್ರಶ್ನೆ ಅದೊಂದೇ.

ಅಡಿಕೆ ಚೊಗರಿನಲ್ಲಿರುವುದು ಟ್ಯಾನಿನ್ ಎಂಬ ಒಗರಿನ ಅಂಶ. ಕಬ್ಬಿಣದ ಅಂಶ ಅದಕ್ಕೆ ತಾಗಿದರೆ ಎರಡೂ ಕೂಡಿ ಕಪ್ಪಾಗುತ್ತವೆ. ಬಣ್ಣ ಹಾಕುವವರು ಬೇಕೆಂದೇ ಕಬ್ಬಿಣ ಸೇರಿಸಿ ಕಪ್ಪು, ಬೂದು ಬಣ್ಣ ತೆಗೆಯುತ್ತಾರೆ. ನಿಮ್ಮ ಅಕ್ಕನ ಪೆಟ್ಟಿಗೆಯಲ್ಲಿ ತುಂಬಿದ್ದು ಬಾವಿ ನೀರಾಗಿರಬೇಕು. ಜಂಬಿಟ್ಟಿಗೆ ಮಣ್ಣಿನ ಬಾವಿಗಳಲ್ಲಿ ಕಬ್ಬಿಣದ ಅಂಶ ಸಾಮಾನ್ಯ. ಕೊಡದ ತಳದಲ್ಲಿ ಕೆಂಪು ಗಸಿ ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ. ಇಲ್ಲವೇ ಪೆಟ್ಟಿಗೆಯ ಒಳಗೇ ತುಕ್ಕು ಹಿಡಿದಿದೆ. ಎರಡರಲ್ಲಿ ಯಾವುದಾದರೂ ಆ ಚುಕ್ಕೆ ಕೊಳೆಯಲ್ಲ, ಬಟ್ಟೆಯ ಮೇಲೆಯೇ ಹುಟ್ಟಿದ ಹೊಸ ಬಣ್ಣ. ಸೋಪಿಗೆ ಜಗ್ಗುವುದಿಲ್ಲ. ನಿಂಬೆರಸ ಹಚ್ಚಿದರೆ ಚುಕ್ಕೆ ತಿಳಿಯಾಗಬಹುದು, ಜೊತೆಗೆ ಸುತ್ತಲಿನ ಚೊಗರಿನ ಬಣ್ಣವೂ ಬದಲಾಗುತ್ತದೆ, ಹಾಗಾಗಿ ಮಾಡಬೇಡಿ. ಚುಕ್ಕೆ ಬಂದ ತುಂಡನ್ನು ಗಾಢ ಬಣ್ಣಗಳ ನಡುವೆ ಸೇರಿಸಿ.

ಅಳಲೆಕಾಯಿ, ದಾಳಿಂಬೆ ಸಿಪ್ಪೆಯ ಬಣ್ಣಗಳಿಗೂ ಇದೇ ಮಾತು. ಇಂಥ ಬಟ್ಟೆಗೆ ಒಣ ಪೆಟ್ಟಿಗೆ, ಬಟ್ಟೆಯ ಹಿಂಬದಿಯಿಂದ, ಮೇಲೊಂದು ತೆಳು ಬಿಳಿ ಬಟ್ಟೆ ಹಾಸಿ. ಕಬ್ಬಿಣದ ತಳದ ಹಳೆಯ ಪೆಟ್ಟಿಗೆಯನ್ನು ಒದ್ದೆ ಚೊಗರು ಬಟ್ಟೆಗೆ ನೇರವಾಗಿ ತಾಗಿಸಲೇಬೇಡಿ.

ತುಂಗೆಯ ದಡ

ಹೌದು, ಬಾವಿ ನೀರೇ! ಅಕ್ಕನ ಮನೆಯ ಬಚ್ಚಲ ಹಂಡೆಯ ತುಂಬ ಕೆಂಪು ಗಸಿ. ಇದು ಹೀಗೆ ಎಂದು ಯಾರೂ ಹೇಳಿರಲಿಲ್ಲ. ಬಹಳ ಉಪಕಾರವಾಯಿತು.

ಆಗುಂಬೆ ಮಂಜು

ಹಾಗಾದರೆ ನೀರನ್ನು ಕುದಿಸಿ ಆರಿಸಿ ಹಾಕಿದರೆ ಆಯಿತಲ್ಲ?

ಚೊಗರು ಬಣ್ಣ

ಕುದಿಸಿದರೆ ಗಡಸುತನದ ಒಂದು ಭಾಗ ತಳಕ್ಕೆ ಇಳಿಯುತ್ತದೆ, ಎಲ್ಲವೂ ಅಲ್ಲ. ಕಬ್ಬಿಣಕ್ಕೆ ನೀರನ್ನು ತೆರೆದಿಟ್ಟು, ಕೆಂಪು ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ನಿಮ್ಮ ಊರಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುತ್ತದೆ, ಬಾವಿ ನೀರು ಯಾಕೆ? ಹೆಂಚಿನ ಪಾಚಿ ತೊಳೆದುಹೋದ ಮೇಲಿನ ಮಳೆನೀರನ್ನು ಹಿಡಿದು ಸೋಸಿಟ್ಟುಕೊಳ್ಳಿ. ಅದರಲ್ಲಿ ಸುಣ್ಣವೂ ಇಲ್ಲ, ಕಬ್ಬಿಣವೂ ಇಲ್ಲ. ಪೆಟ್ಟಿಗೆಯ ಕೈಪಿಡಿಯಲ್ಲಿ ಯಾವ ನೀರು ಎಂದು ಬರೆದಿದೆ ಎಂಬುದನ್ನು ಮಾತ್ರ ಒಮ್ಮೆ ಓದಿ.

ಸಾಗರದ ಸೂಜಿ

ಹಬೆ ಪೆಟ್ಟಿಗೆ ಉಗುಳುವುದಕ್ಕೆ ಇನ್ನೊಂದು ಕಾರಣ ಶಾಖ ಸಾಲದೆ ಇರುವುದು. ತಳ ಚೆನ್ನಾಗಿ ಕಾಯುವ ಮೊದಲೇ ಹಬೆ ಬಿಟ್ಟರೆ ನೀರು ಹಬೆಯಾಗದೆ ಹನಿಯಾಗಿಯೇ ಬೀಳುತ್ತದೆ. ಎಲೆಕ್ಟ್ರಿಷಿಯನ್ ಅವರು ಹೇಳಿದ ಕಡಿಮೆ ವೋಲ್ಟೇಜಿನಲ್ಲಿ ಇದು ಇನ್ನೂ ಹೆಚ್ಚು. ಕೆಲಸ ಮುಗಿದ ಮೇಲೆ ಬಿಸಿ ಇರುವಾಗಲೇ ನೀರನ್ನು ಪೂರ್ತಿ ಚೆಲ್ಲಿ ಇಡಬೇಕು. ನನ್ನ ವಾದ ಬಿಟ್ಟುಕೊಡುತ್ತಿಲ್ಲ, ಸರಿಯಾಗಿ ಬಳಸಿ ಎನ್ನುತ್ತಿದ್ದೇನೆ.

ಚೂರು ಬಟ್ಟೆ

ಟೈಲರ್ ಅಂಗಡಿಯ ಚೂರುಗಳ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್ ಬೆರಕೆ. ಪೆಟ್ಟಿಗೆಯ ಮೇಲಿನ ಚುಕ್ಕೆಗಳನ್ನು ನೋಡಿ: ಒಂದು ಚುಕ್ಕೆ ಎಂದರೆ ಹೆಚ್ಚೆಂದರೆ 110 ಡಿಗ್ರಿ, ಎರಡು ಎಂದರೆ 150, ಮೂರು ಎಂದರೆ 200. ಹತ್ತಿಗೆ ಮೂರು ಚುಕ್ಕೆ. ಆ ಶಾಖಕ್ಕೆ ಬೆರಕೆ ಬಟ್ಟೆ ಹೊಳಪು ಬಂದು ಗಟ್ಟಿಯಾಗುತ್ತದೆ, ನೈಲಾನ್ ತಳಕ್ಕೇ ಅಂಟುತ್ತದೆ. ಗೊತ್ತಾಗದಿದ್ದರೆ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಸುಟ್ಟರೆ ಕಾಗದದ ವಾಸನೆ, ಮೃದು ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ತುಂಡುಗಳನ್ನು ಬೇರೆ ಗುಡ್ಡೆ ಹಾಕಿ, ಅವುಗಳಿಂದ ಚೀಲ ಹೊಲಿಯಿರಿ.

ಒಳಗೆ ಹತ್ತಿಯಂತೆ ತುಂಬುವ ಪಾಲಿಯೆಸ್ಟರ್ ಪದರ ಹಾಕಿದ ಮೇಲೆ ಹೊದಿಕೆಯನ್ನು ಬಿಸಿ ಪೆಟ್ಟಿಗೆಯಿಂದ ಒತ್ತಬಾರದು. ಪದರ ಚಪ್ಪಟೆಯಾಗಿ ಹೊದಿಕೆಯ ಬೆಚ್ಚನೆಯ ಗುಣವೇ ಹೋಗುತ್ತದೆ. ಒತ್ತುವುದೆಲ್ಲ ಅದಕ್ಕೂ ಮೊದಲೇ ಮುಗಿಯಬೇಕು.

ಶೃಂಗೇರಿ ದಾರಿ

ಪ್ಲಾಸ್ಟಿಕ್ ತಲೆಯ ಗುಂಡುಸೂಜಿಗಳನ್ನೂ ತೆಗೆದು ಒತ್ತಿ. ಕರಗಿದರೆ ಬಟ್ಟೆಯೂ ಹೋಯಿತು, ತಳವೂ ಹೋಯಿತು. ಗಾಜಿನ ತಲೆಯವು ತಡೆಯುತ್ತವೆ.

ಕಂಬಳಿ ಮಡಿಕೆ

ಎಲ್ಲರೂ ಮೇಲಿನ ಪೆಟ್ಟಿಗೆಯನ್ನೇ ನೋಡುತ್ತಿದ್ದೀರಿ, ಕೆಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಗ್ರಾನೈಟ್ ಕಟ್ಟೆಯ ಮೇಲೆ ಒಂದು ಪದರ ಬಟ್ಟೆ ಹಾಸಿ ಒತ್ತಿದರೆ ಕಲ್ಲು ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಇಂಥ ಹೊದಿಕೆ (ಕ್ವಿಲ್ಟ್) ಹೊಲಿಯುವವರು ಹೊರದೇಶಗಳಲ್ಲಿ ಉಣ್ಣೆಯ ಚಾಪೆ ಬಳಸುತ್ತಾರೆ, ಇಲ್ಲಿ ತರಿಸಿದರೆ ದುಬಾರಿ. ನಮ್ಮ ಚಳ್ಳಕೆರೆ ಕಂಬಳಿ ಇದೆಯಲ್ಲ! ಹಳೆಯದನ್ನು ಚೆನ್ನಾಗಿ ಒಗೆದು ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ, ಮೇಲೆ ಬಿಳಿ ಹತ್ತಿ ಬಟ್ಟೆ ಬಿಗಿಯಾಗಿ ಕಟ್ಟಿ. ಉಣ್ಣೆ ಶಾಖ ಹಿಡಿದುಕೊಂಡು ಕೆಳಗಿನಿಂದಲೂ ಕೊಡುತ್ತದೆ. ಹೊಲಿಗೆಯ ಉಬ್ಬು ಕಂಬಳಿಯೊಳಗೆ ಇಳಿಯುವುದರಿಂದ ಬಟ್ಟೆಯ ಮುಂಬದಿಯಲ್ಲಿ ಅಂಚಿನ ಗೆರೆ ಮೂಡುವುದಿಲ್ಲ.

ದುರ್ಗಿಗುಡಿ ದರ್ಜಿ

ಇದು ನೂರಕ್ಕೆ ನೂರು ಸರಿ. ಕೋಟು ಹೊಲಿಯುವವರ ಮೇಜಿನ ಮೇಲೆ ಮೊದಲಿನಿಂದಲೂ ಕಂಬಳಿಯೇ ಇರುವುದು. ಜೊತೆಗೆ ಒಂದು ಮರದ ತುಂಡು ಇಟ್ಟುಕೊಳ್ಳಿ, ಅಂಗೈಗಿಂತ ಸ್ವಲ್ಪ ಉದ್ದ, ನುಣ್ಣಗೆ ಹತ್ರಿ ಹೊಡೆದದ್ದು, ಪಾಲಿಶ್ ಹಾಕದ್ದು. ಪೆಟ್ಟಿಗೆ ಎತ್ತಿದ ತಕ್ಷಣ ಬಿಸಿ ಹೊಲಿಗೆಯ ಮೇಲೆ ಅದನ್ನು ಒತ್ತಿ ಹಿಡಿದರೆ ಮರ ತೇವ ಹೀರಿಕೊಳ್ಳುತ್ತದೆ, ಹೊಲಿಗೆ ಅಲ್ಲೇ ತಣ್ಣಗಾಗಿ ಚಪ್ಪಟೆ ನಿಲ್ಲುತ್ತದೆ. ಹಗುರ ಪೆಟ್ಟಿಗೆ ಇರುವವರಿಗೂ ಇದರಿಂದ ಅರ್ಧ ತೊಂದರೆ ನೀಗುತ್ತದೆ.

ಆಗುಂಬೆ ಮಂಜು

ಮನೆಯಲ್ಲಿ ಹಲಸಿನ ಹಲಗೆಯ ತುಂಡುಗಳು ಬಿದ್ದಿವೆ, ಅದೇ ಆಗಬಹುದೇ?

ಚೊಗರು ಬಣ್ಣ

ಬೇಡವೇ ಬೇಡ! ಹಲಸಿನ ತಿರುಳು ಕುದಿಸಿ ಹಳದಿ ಬಣ್ಣ ತೆಗೆಯುತ್ತಾರೆ. ಬಿಸಿ, ಒದ್ದೆ ಬಟ್ಟೆಯ ಮೇಲೆ ಒತ್ತಿದರೆ ಹಳದಿ ಬಿಡುತ್ತದೆ. ತೇಗದಲ್ಲಿ ಎಣ್ಣೆಯಂಶ ಇದೆ, ಅದೂ ಬೇಡ. ಶಿವನೆಯಂಥ ತಿಳಿಬಣ್ಣದ ಮರ ಸಿಕ್ಕಿದರೆ ಒಳ್ಳೆಯದು. ಯಾವುದೇ ಆದರೂ ಮೊದಲು ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಮಾಡಿ ಪರೀಕ್ಷಿಸಿ.

ಶೃಂಗೇರಿ ದಾರಿ

ಸೀರೆ ಚೂರುಗಳಲ್ಲಿ ಬೂಷ್ಟು ಹಿಡಿದ ಚುಕ್ಕೆ ಇದ್ದರೆ ಇಸ್ತ್ರಿ ಮಾಡಬಹುದೇ? ಮಳೆಗಾಲದಲ್ಲಿ ಎಷ್ಟು ಜೋಪಾನ ಮಾಡಿದರೂ ಬೀರುವಿನಲ್ಲಿ ಬಂದೇ ಬರುತ್ತದೆ.

ಅಂಚು ಮಡಿಕೆ

ಮೊದಲು ಒಗೆದು, ಬಿಸಿಲಿಗೆ ಹಾಕಿ, ಆಮೇಲೆ ಇಸ್ತ್ರಿ. ಕಲೆ ಇದ್ದಂತೆಯೇ ಒತ್ತಿದರೆ ಶಾಖಕ್ಕೆ ಅದು ಬಟ್ಟೆಯಲ್ಲೇ ಉಳಿಯುತ್ತದೆ. ಬಾಳೆಯ ಕರೆ, ಎಣ್ಣೆಯ ಕಲೆ ಎಲ್ಲಕ್ಕೂ ಇದೇ ನಿಯಮ. ಒತ್ತಿದ ಬಟ್ಟೆಯನ್ನೂ ಬಿಸಿ ಆರುವ ಮೊದಲು ಮಡಚಿ ಒಳಗಿಡಬೇಡಿ, ಉಳಿದ ತೇವವೇ ಬೂಷ್ಟಿಗೆ ಸಾಕು.

ಲಿಂಗನಮಕ್ಕಿ ಹಿನ್ನೀರು

ಬಿಸಿಲೆಲ್ಲಿಂದ ತರುವುದು, ಆಗಸ್ಟಿನಲ್ಲಿ? ನಮ್ಮಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಬಟ್ಟೆಯೆಲ್ಲ ಹೊಗೆ ವಾಸನೆ.

ಅಂಚು ಮಡಿಕೆ

ಹಾಗಿದ್ದರೆ ಬಟ್ಟೆ ತೊಳೆದು ಒಣಗಿಸಿ ಕತ್ತರಿಸಿಡುವ ಕೆಲಸವನ್ನು ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಿ. ಹೊಸ ಹತ್ತಿಯನ್ನು ಹೇಗೂ ಮೊದಲೇ ತೊಳೆಯಬೇಕು. ಹೊಲಿದ ಮೇಲೆ ಕುಗ್ಗಿದರೆ ಹಳೆ ಸೀರೆಯ ಚೌಕದ ಪಕ್ಕದಲ್ಲಿ ಹೊಸ ಬಟ್ಟೆ ಜಗ್ಗಿ ನೆರಿಗೆ ಬೀಳುತ್ತದೆ. ಮಳೆಗಾಲ ಹೊಲಿಗೆಗೆ ಇರಲಿ.

ತುಂಗೆಯ ದಡ

ಭಾರದ ಸಾದಾ ಪೆಟ್ಟಿಗೆ, 1000 ವ್ಯಾಟ್, ತೂತಿಲ್ಲದ ತಳ ಎಂದು ತೀರ್ಮಾನಿಸಿದ್ದೇನೆ. ಸ್ಪ್ರೇ ಬಾಟಲಿಗೆ ಮಳೆನೀರು. ಸಾಗರದ ಸೂಜಿಯವರು ಬೇಸರಿಸಬಾರದು, ನಮ್ಮ ಬಾವಿ ಮತ್ತು ನಮ್ಮ ಕರೆಂಟು ಎರಡೂ ಹಬೆಯ ಪರವಾಗಿಲ್ಲ. ಕಂಬಳಿ ಅಟ್ಟದಲ್ಲಿದೆ. ಇನ್ನೊಂದೇ ಪ್ರಶ್ನೆ: ತಳ ಯಾವುದಿರಬೇಕು, ಲೇಪನದ್ದೋ ಬರೀ ಲೋಹದ್ದೋ? ಅಂಗಡಿಯಲ್ಲಿ ಏನೇನು ನೋಡಿ ತರಬೇಕು?

ಸಾಗರದ ಸೂಜಿ

ಬೇಸರವೇನಿಲ್ಲ. ಆದರೆ ಸೀರೆಯ ಹಳೆ ಮಡಿಕೆ ಬಿಡಿಸುವಾಗ ನನ್ನ ನೆನಪಾಗುತ್ತದೆ, ನೋಡಿ.

ದುರ್ಗಿಗುಡಿ ದರ್ಜಿ

ಲೇಪನದ ತಳ ಅಂಟು ಹಿಡಿಯುವುದಿಲ್ಲ, ಆದರೆ ಗುಂಡುಸೂಜಿ, ಜಿಪ್ ತಗುಲಿದರೆ ಗೀರು ಬೀಳುತ್ತದೆ, ಆ ಗೀರು ಮುಂದೆ ತೆಳು ಬಟ್ಟೆಯ ನೂಲು ಎಳೆಯುತ್ತದೆ. ಬರೀ ಲೋಹದ ತಳಕ್ಕೆ ಅಂಟು, ಗಂಜಿ ಹಿಡಿಯುತ್ತದೆ, ಆದರೆ ಕಾಗದದ ಮೇಲೆ ಪುಡಿ ಉಪ್ಪು ಹರಡಿ ಬಿಸಿ ಪೆಟ್ಟಿಗೆ ಉಜ್ಜಿದರೆ ಹೋಗುತ್ತದೆ. ಲೇಪನದ ತಳಕ್ಕೆ ಉಪ್ಪು ಮುಟ್ಟಿಸಬಾರದು, ಒದ್ದೆ ಬಟ್ಟೆ ಸಾಕು. ಸೂಜಿಗಳ ಜೊತೆ ಕೆಲಸ ಮಾಡುವವರಿಗೆ ನನ್ನ ಮತ ಲೋಹಕ್ಕೆ.

ಅಂಗಡಿಯಲ್ಲಿ ಡಬ್ಬದಿಂದ ತೆಗೆಸಿ ಕೈಯಲ್ಲಿ ಹಿಡಿಯಿರಿ. ಬಜಾಜ್, ಫಿಲಿಪ್ಸ್, ಉಷಾ ಎಲ್ಲವುಗಳಲ್ಲೂ ಭಾರದವು ಇವೆ, ಹಗುರದವೂ ಇವೆ, ಕಂಪನಿ ಹೆಸರಿನಿಂದ ತೂಕ ತಿಳಿಯುವುದಿಲ್ಲ. ಹಿಡಿಕೆಯನ್ನು ಹಿಡಿದು ಹತ್ತಾರು ಸಲ ಎತ್ತಿ ಇಡಿ. ಮೂಗು ಚೂಪಾಗಿರಬೇಕು, ಇಲ್ಲದಿದ್ದರೆ ಚೌಕದ ಮೂಲೆಗೆ ಹೋಗುವುದಿಲ್ಲ. ಗಾಜಿನ ಕೌಂಟರ್ ಮೇಲೆ ತಳವನ್ನು ತಣ್ಣಗಿರುವಾಗ ಇಟ್ಟು ಅಲುಗಾಡಿಸಿ, ಕುಣಿದರೆ ತಳ ಸಮವಾಗಿಲ್ಲ. ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿದಾಗ ವಾಲಬಾರದು. ತಂತಿ ಬುಡದಲ್ಲಿ ಎಲ್ಲ ಕಡೆಗೂ ತಿರುಗಬೇಕು. ತಾನಾಗಿ ಆರುವ ಸೌಲಭ್ಯ ಇರುವುದನ್ನು ತೆಗೆದುಕೊಂಡರೆ ಹೊಲಿದು ಎದ್ದು ಬರುವಷ್ಟರಲ್ಲಿ ಪ್ರತಿ ಸಲ ತಣ್ಣಗಾಗಿರುತ್ತದೆ.

ನಿವೃತ್ತ ಎಲೆಕ್ಟ್ರಿಷಿಯನ್

ತಾನಾಗಿ ಆರದಿದ್ದರೆ ಸ್ವಿಚ್ಚಿಗೆ ಕೆಂಪು ಸೂಚಕ ದೀಪ ಇರಲೇಬೇಕು, ಕೂತಲ್ಲಿಂದ ಕಾಣುವ ಹಾಗೆ. ಕರೆಂಟ್ ಹೋದಾಗ ಪ್ಲಗ್ ತೆಗೆದಿಡಿ. ಮರೆತು ತೋಟಕ್ಕೆ ಹೋದ ಮೇಲೆ ಕರೆಂಟ್ ಬಂದರೆ ಪೆಟ್ಟಿಗೆ ಒಬ್ಬಂಟಿಯಾಗಿ ಕಾಯುತ್ತಿರುತ್ತದೆ, ಕೆಳಗೆ ಬಟ್ಟೆ, ಮೇಲೆ ಮರದ ಅಟ್ಟ.

ಕೊಪ್ಪದ ಕಾಫಿಗಿಡ

ತಂತಿ ಸಾಕೆಟ್ಟಿಗೆ ಮುಟ್ಟದಿದ್ದರೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಬಹುದೇ?

ನಿವೃತ್ತ ಎಲೆಕ್ಟ್ರಿಷಿಯನ್

ಮೊಬೈಲ್ ಚಾರ್ಜರಿಗೆ ಕೊಂಡ ತೆಳು ತಂತಿಯ ಬೋರ್ಡ್ ಬೇಡ. ಮೂರು ಎಳೆಯ, ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಇರುವುದನ್ನು ತೆಗೆದುಕೊಳ್ಳಿ, ಸುರುಳಿ ಸುತ್ತಿಡದೆ ಪೂರ್ತಿ ಬಿಚ್ಚಿ ಬಳಸಿ. ಪೆಟ್ಟಿಗೆ ಚೆನ್ನಾಗಿ ಕಾದ ಮೇಲೆ ತಂತಿಯನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಅದು ಆಗುವುದಿಲ್ಲ, ಮೇಜನ್ನೇ ಸಾಕೆಟ್ ಹತ್ತಿರಕ್ಕೆ ಸರಿಸಿ.